‘ಉಳಿಸು’ ಅಂದರೆ ‘ಅಳಿಸು’ ಅಂತ ಕೇಳಿಸಿಕೊಂಡರೆ? – ಮಾತು ಕೇಳುವ ಗಣಕಯಂತ್ರದ ಕಥೆ



ಕನ್ನಡದಲ್ಲಿ ಕೆಲಸ ಮಾಡುವ ಯಾವುದಾದರೂ ತಂತ್ರಾಂಶ ತೆರೆದು ನೋಡಿ. ಆಜ್ಞೆಗಳ ಪಟ್ಟಿಯಲ್ಲಿ ಎರಡು ಪದಗಳು ಹತ್ತಿರ ಹತ್ತಿರ ಕೂತಿರುತ್ತವೆ. ಒಂದು ‘ಉಳಿಸು’, ಇನ್ನೊಂದು ‘ಅಳಿಸು’. ಬರೆದದ್ದನ್ನು ಕಾಪಾಡುವುದು ಒಂದು, ಹೇಳಹೆಸರಿಲ್ಲದಂತೆ ಮಾಡುವುದು ಇನ್ನೊಂದು. ಕಣ್ಣಿಂದ ಓದಿ, ಮೌಸ್ ಹಿಡಿದು ಒತ್ತುವವರಿಗೆ ಇದರಲ್ಲಿ ತೊಂದರೆಯೇನಿಲ್ಲ. ಬಾಯಲ್ಲಿ ಹೇಳಿ ಮಾಡಿಸಬೇಕು ಅಂದಾಗ ನೋಡಿ ಪಜೀತಿ. ಮೊದಲ ಸ್ವರ ಒಂದನ್ನು ಬಿಟ್ಟರೆ ಎರಡೂ ಒಂದೇ ಪದ. ಮೈಕ್ ಮುಂದೆ ಕೂತು ಅಭ್ಯಾಸವಿರುವ ನಮ್ಮಂಥವರಿಗೆ ಇನ್ನೊಂದು ಸಂಗತಿಯೂ ಗೊತ್ತು. ಗುಂಡಿ ಒತ್ತಿದ ಕೂಡಲೇ ಮಾತಾಡಿದರೆ ಮೊದಲು ಕತ್ತರಿಸಿ ಹೋಗುವುದು ಆ ಮೊದಲ ಸ್ವರವೇ. ಆಮೇಲೆ ಉಳಿಯುವುದು ಬರೀ ‘ಳಿಸು’. ಅದು ಉಳಿಸುವ ‘ಳಿಸು’ವೋ ಅಳಿಸುವ ‘ಳಿಸು’ವೋ, ಬ್ರಹ್ಮನೂ ಹೇಳಲಾರ.

ಈ ವಿಷಯ ಎತ್ತಿಕೊಂಡದ್ದಕ್ಕೆ ಕಾರಣ ಹಜೀರಾದ ಕೇಳುಗರೊಬ್ಬರು. ಕಾರ್ಖಾನೆಯೊಂದರಲ್ಲಿ ಕೆಲಸ, ಬಿಡುವಿನಲ್ಲಿ ಸಣ್ಣಪುಟ್ಟ ಪ್ರೋಗ್ರಾಂ ಬರೆಯುವ ಹವ್ಯಾಸ. ಅವರ ತಂದೆಯವರಿಗೆ ಕೈ ನಡುಕ. ಮೌಸ್ ಹಿಡಿದರೆ ಬಾಣದ ಗುರುತು ಪರದೆಯ ತುಂಬ ಓಡಾಡುತ್ತದೆ. ಹಾಡು ಹಾಕಲು, ಪತ್ರಿಕೆ ತೆರೆಯಲು, ಊರಿನವರಿಗೆ ನಾಲ್ಕು ಸಾಲು ಬರೆಯಲು ಮಗ ಡ್ಯೂಟಿ ಮುಗಿಸಿ ಬರುವ ತನಕ ಕಾಯಬೇಕು. ಕನ್ನಡದಲ್ಲಿ ಹೇಳಿದರೆ ಕೇಳುವ ಪ್ರೋಗ್ರಾಂ ಒಂದನ್ನು ನಾನೇ ಬರೆಯುತ್ತೇನೆ, ಮಾತು ಗುರುತಿಸುವ ಸಲಕರಣೆ ಯಾವುದನ್ನು ಆರಿಸಲಿ ಅಂತ ಅವರ ಪ್ರಶ್ನೆ. ಕನ್ನಡ ಬಿ.ಎ. ಓದಿದ ನನ್ನನ್ನು ಇದನ್ನು ಕೇಳಿದ್ದೇಕೋ! ಆದರೆ ಹುಡುಕುತ್ತಾ ಹೋದಂತೆ ಇದು ಎಂಜಿನಿಯರುಗಳಷ್ಟೇ ಉತ್ತರಿಸುವ ಪ್ರಶ್ನೆಯಲ್ಲ ಅನ್ನಿಸಿತು. ಯಂತ್ರಕ್ಕೆ ಕೇಳಲು ಕಲಿಸಿದವರು ಯಾರ ದನಿ ಕೊಟ್ಟು ಕಲಿಸಿದರು ಎಂಬ ಚರಿತ್ರೆ ಇದು.

ಹಜೀರಾಕ್ಕೆ ಈ ಪ್ರಶ್ನೆ ಹೊಸದೂ ಅಲ್ಲ. ತಾಪಿ ನದಿ ಸಮುದ್ರ ಸೇರುವ ಈ ಮೂಲೆಯ ಪಕ್ಕದಲ್ಲೇ ಇರುವುದು ಸುವಾಲಿ. 1612ರಲ್ಲಿ ಥಾಮಸ್ ಬೆಸ್ಟ್‌ನ ಹಡಗುಗಳು ಪೋರ್ಚುಗೀಸರೊಡನೆ ಕಾದಾಡಿದ್ದು, 1615ರಲ್ಲಿ ಇಂಗ್ಲೆಂಡಿನ ರಾಯಭಾರಿ ಥಾಮಸ್ ರೋ ಬಂದಿಳಿದದ್ದು ಈ ಸುವಾಲಿಯಲ್ಲಿ. ಆಗಿನಿಂದಲೂ ಈ ದಂಡೆಯಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಮುಟ್ಟಿಸಲು ದುಭಾಷಿಗಳು ಬೇಕಾಗಿದ್ದರು. ಈಗ ಗೊಬ್ಬರ, ಉಕ್ಕು, ಅನಿಲದ ಕಾರ್ಖಾನೆಗಳು ಬಂದಿವೆ. ಪಾಳಿ ಬದಲಾಗುವ ಹೊತ್ತಿಗೆ ಗೇಟಿನ ಬಳಿ ನಿಂತರೆ ಹತ್ತು ಭಾಷೆ ಕಿವಿಗೆ ಬೀಳುತ್ತವೆ. ಆಗ ಬೇಕಾದ ದುಭಾಷಿ ಮನುಷ್ಯ, ಈಗ ಬೇಕಾಗಿರುವುದು ತಂತ್ರಾಂಶ, ಅಷ್ಟೆ.

ಯಂತ್ರದ ಕಿವಿಯ ಕಥೆ 1952ರಲ್ಲಿ ಶುರುವಾಗುತ್ತದೆ. ಅಮೆರಿಕದ ಬೆಲ್ ಪ್ರಯೋಗಾಲಯದ ಡೇವಿಸ್, ಬಿಡಲ್ಫ್, ಬಾಲಷೆಕ್ ಎಂಬ ಮೂವರು ‘ಆಡ್ರಿ’ ಎಂಬ ಯಂತ್ರ ಮಾಡಿದರು. ಆಳೆತ್ತರದ ಕಪಾಟಿನ ತುಂಬ ತಂತಿ, ರಿಲೇ. ಇಷ್ಟೆಲ್ಲ ಇದ್ದೂ ಅದಕ್ಕೆ ಬರುತ್ತಿದ್ದದ್ದು ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿ ಮಾತ್ರ. ತನಗೆ ಹೊಂದಿಸಿದ ವ್ಯಕ್ತಿಯೇ ಮಾತಾಡಿದರೆ ನೂರಕ್ಕೆ 97 ಸಲ ಸರಿ ಹೇಳುತ್ತಿತ್ತು. ಹೊಸಬರು ಬಂದು ಮಾತಾಡಿದರೆ ತಡವರಿಸುತ್ತಿತ್ತು. ಹತ್ತು ವರ್ಷದ ನಂತರ, 1962ರಲ್ಲಿ ಸಿಯಾಟಲ್ ನಗರದ ವಿಶ್ವಮೇಳದಲ್ಲಿ ಐಬಿಎಂ ಕಂಪನಿಯವರು ‘ಷೂಬಾಕ್ಸ್’ ತೋರಿಸಿದರು. ವಿಲಿಯಂ ಡರ್ಷ್ ಮಾಡಿದ ಈ ಪೆಟ್ಟಿಗೆಗೆ ಒಟ್ಟು 16 ಪದ ಗೊತ್ತಿತ್ತು. ಹತ್ತು ಅಂಕಿಗಳು, ಕೂಡು, ಕಳೆ, ಮೊತ್ತ ಹೇಳು ಎಂಬಂಥ ಆರು ಆಜ್ಞೆಗಳು. ಮೈಕಿನಲ್ಲಿ ಹೇಳಿದರೆ ಲೆಕ್ಕ ಮಾಡುವ ಯಂತ್ರ ಲೆಕ್ಕ ಮಾಡುತ್ತಿತ್ತು.

ಹಜೀರಾದ ಗೆಳೆಯರು ಈ ಷೂಬಾಕ್ಸ್ ಅನ್ನು ನೆನಪಿಟ್ಟುಕೊಳ್ಳಬೇಕು. ಅವರ ತಂದೆಗೆ ಮೊದಲು ಬೇಕಾಗಿರುವುದು ಇಂಥ ಪೆಟ್ಟಿಗೆಯೇ. ಹೇಳಿದ್ದನ್ನೆಲ್ಲ ಬರೆದುಕೊಳ್ಳುವ ಗುಮಾಸ್ತ ಬೇರೆ, ನಾಲ್ಕು ಮಾತಿಗೆ ಓಗೊಡುವ ಆಳು ಬೇರೆ. ಗುಮಾಸ್ತನಿಗೆ ಲಕ್ಷ ಪದ ಗೊತ್ತಿರಬೇಕು. ಆಳಿಗೆ ಇಪ್ಪತ್ತು ಮೂವತ್ತು ಸಾಕು. ಮಾತಿನಿಂದ ಗಣಕಯಂತ್ರ ನಡೆಸಬೇಕೆಂದು ಹೊರಡುವವರು ಬಹಳ ಮಂದಿ ಮೊದಲ ದಿನವೇ ಗುಮಾಸ್ತನನ್ನು ಹುಡುಕಲು ಹೋಗಿ ಸೋಲುತ್ತಾರೆ.

ಮುಂದಿನ ಹೆಜ್ಜೆಯಲ್ಲಿ ನಮ್ಮ ಕಡೆಯವರೊಬ್ಬರು ಬರುತ್ತಾರೆ. ಕೋಲಾರದ ಗಡಿಗೆ ತಾಗಿದ ಚಿತ್ತೂರು ಜಿಲ್ಲೆಯ ಕಾಟೂರಿನಲ್ಲಿ 1937ರಲ್ಲಿ ಹುಟ್ಟಿದ ರಾಜ್ ರೆಡ್ಡಿ. ಮದರಾಸಿನ ಗಿಂಡಿಯಲ್ಲಿ ಎಂಜಿನಿಯರಿಂಗ್ ಓದಿ, ಆಸ್ಟ್ರೇಲಿಯಾ ಮಾರ್ಗವಾಗಿ ಅಮೆರಿಕದ ಸ್ಟ್ಯಾನ್‌ಫರ್ಡ್ ಸೇರಿ 1966ರಲ್ಲಿ ಡಾಕ್ಟರೇಟ್ ಪಡೆದರು. 1969ರಿಂದ ಕಾರ್ನಿಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಪಾಠ. ಮಾತು ಗುರುತಿಸುವ ಕೆಲಸ ಆಗದ ಹೋಗದ ಕನಸು ಎಂದು ಬೆಲ್ ಪ್ರಯೋಗಾಲಯದ ಹಿರಿಯ ಜಾನ್ ಪಿಯರ್ಸ್ ಕಟುವಾಗಿ ಬರೆದದ್ದೂ ಅದೇ 1969ರಲ್ಲಿ! ರೆಡ್ಡಿಯವರ ಬಳಗ ಕಿವಿಗೊಡಲಿಲ್ಲ. 1976ರ ಹೊತ್ತಿಗೆ ಅಲ್ಲಿ ತಯಾರಾದ ‘ಹಾರ್ಪಿ’ಗೆ 1,011 ಪದ ಗೊತ್ತಿತ್ತು. ಅವರ ಶಿಷ್ಯ ಕೈ-ಫು ಲೀ 1980ರ ದಶಕದ ಕೊನೆಗೆ ‘ಸ್ಫಿಂಕ್ಸ್’ ರೂಪಿಸಿದರು. ಪದ ಪದಕ್ಕೂ ನಿಲ್ಲಿಸದೆ ಮಾತಾಡಿದರೂ, ಪರಿಚಯವಿಲ್ಲದ ದನಿಯಾದರೂ ಸ್ಫಿಂಕ್ಸ್ ಗುರುತಿಸುತ್ತಿತ್ತು. ಗಣಕ ವಿಜ್ಞಾನದ ನೊಬೆಲ್ ಎನ್ನುವ ಟ್ಯೂರಿಂಗ್ ಪ್ರಶಸ್ತಿ 1994ರಲ್ಲಿ ರೆಡ್ಡಿಯವರಿಗೆ ಬಂತು. ಏಷ್ಯಾದವರಿಗೆ ಅದೇ ಮೊದಲು.

ಅಂಗಡಿಯಲ್ಲಿ ದುಡ್ಡು ಕೊಟ್ಟು ತರುವಂಥ ತಂತ್ರಾಂಶ ಬಂದದ್ದು ‘ಡ್ರ್ಯಾಗನ್’ ಕಂಪನಿಯಿಂದ. ಜೇಮ್ಸ್ ಬೇಕರ್, ಜ್ಯಾನೆಟ್ ಬೇಕರ್ ದಂಪತಿ ಕಟ್ಟಿದ ಕಂಪನಿ. 1990ರಲ್ಲಿ ಬಂದ ಮೊದಲ ಡ್ರ್ಯಾಗನ್ ಡಿಕ್ಟೇಟ್‌ನ ಬೆಲೆ 9,000 ಡಾಲರು, ಅದೂ ಒಂದೊಂದೇ ಪದ ಬಿಡಿಸಿ ಹೇಳಬೇಕು. 1997ರಲ್ಲಿ ಸರಾಗ ಮಾತು ಬರೆದುಕೊಳ್ಳುವ ನ್ಯಾಚುರಲಿ ಸ್ಪೀಕಿಂಗ್ ಬಂತು. ಕಂಪನಿ ಕೈಯಿಂದ ಕೈಗೆ ದಾಟಿ 2022ರಲ್ಲಿ ಮೈಕ್ರೋಸಾಫ್ಟ್ ಪಾಲಾಯಿತು. ಭಾರತೀಯರ ಇಂಗ್ಲಿಷ್ ಉಚ್ಚಾರಕ್ಕೆ ಡ್ರ್ಯಾಗನ್‌ನಲ್ಲಿ ಜಾಗ ಸಿಕ್ಕಿತು. ಕನ್ನಡಕ್ಕೆ ಸಿಗಲಿಲ್ಲ.

ಮೈಕ್ರೋಸಾಫ್ಟ್ ಅಂದಾಗ ಒಂದು ಸ್ವಾರಸ್ಯ ನೆನಪಾಗುತ್ತದೆ. 2006ರ ಜುಲೈ. ವಿಂಡೋಸ್ ವಿಸ್ಟಾ ಬಿಡುಗಡೆಗೆ ಮುಂಚೆ ಹಣಕಾಸು ವಿಶ್ಲೇಷಕರ ಮುಂದೆ ಅದರ ಮಾತು ಗುರುತಿಸುವ ಸೌಲಭ್ಯವನ್ನು ತೋರಿಸಿದರು. ಅಮ್ಮನಿಗೆ ಪತ್ರ ಬರೆಸಲು ಹೊರಟರೆ ಯಂತ್ರ ಅತ್ತೆಗೆ ಬರೆಯಿತು. ತಿದ್ದು ಅಂದರೆ ಅದೂ ಪತ್ರದ ಸಾಲಾಗಿ ಬರೆದುಹೋಯಿತು. ಅಳಿಸು ಅಂದರೆ ಆ ಆಜ್ಞೆಯೂ ಅಕ್ಷರವಾಗಿ ಪತ್ರ ಸೇರಿತು. ಸಭೆಯಲ್ಲಿ ನಗೆ. ಕಾರಣ ಏನು ಗೊತ್ತೇ? ಮೈಕಿನಿಂದ ಬರುವ ದನಿಯ ಮಟ್ಟವನ್ನು ಹೊಂದಿಸುವಲ್ಲಿ ದೋಷವಿತ್ತು, ಹೀಗಾಗಿ ದನಿ ಒಡೆದು ಒಳಗೆ ಹೋಗುತ್ತಿತ್ತು ಅಂತ ಆಮೇಲೆ ಆ ಕಂಪನಿಯ ಎಂಜಿನಿಯರೇ ವಿವರಿಸಿದರು. ರೇಡಿಯೊ ಸ್ಟುಡಿಯೊದಲ್ಲಿ ಸೂಜಿ ಕೆಂಪು ಗೆರೆ ದಾಟದಂತೆ ಕಾಯುವ ನಮ್ಮ ತಾಂತ್ರಿಕ ಸಹೋದ್ಯೋಗಿಗಳು ಇದನ್ನು ಕೇಳಿ ಒಂದು ಚಹಾ ಹೆಚ್ಚು ಕುಡಿದರು! ಎರಡನೆಯ ಪಾಠ ಇನ್ನೂ ದೊಡ್ಡದು. ಗುಮಾಸ್ತ ಮತ್ತು ಆಳು ಇಬ್ಬರನ್ನೂ ಒಂದೇ ಕಿವಿಯಲ್ಲಿ ಕೂರಿಸಿದರೆ ಯಾವುದು ಆಜ್ಞೆ, ಯಾವುದು ಪತ್ರದ ಸಾಲು ಎಂಬ ಗೊಂದಲ ತಪ್ಪಿದ್ದಲ್ಲ.

ಇನ್ನು ಬಿಟ್ಟಿಯಾಗಿ ಸಿಗುವ ಸಲಕರಣೆಗಳು. ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಸ್ಟೀವ್ ಯಂಗ್ 1989ರಲ್ಲಿ ಶುರುಮಾಡಿದ ‘ಎಚ್‌ಟಿಕೆ’ ಒಂದು. ಬಳಸಲು ಹಣ ಕೊಡಬೇಕಿಲ್ಲ, ಆದರೆ ಅದನ್ನು ನಮ್ಮ ತಂತ್ರಾಂಶದ ಜೊತೆ ಕಟ್ಟಿ ಇನ್ನೊಬ್ಬರಿಗೆ ಹಂಚುವಂತಿಲ್ಲ. ಸ್ಫಿಂಕ್ಸ್ ಅನ್ನು 2000ದಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟರು. ಜಪಾನಿನ ಕ್ಯೋಟೊದಲ್ಲಿ ಬೆಳೆದ ‘ಜೂಲಿಯಸ್’ ಇನ್ನೊಂದು. ಆಕಾರ ಸಣ್ಣದು, ಚುರುಕು ಹೆಚ್ಚು. 2009ರ ಕಾರ್ಯಾಗಾರವೊಂದರಲ್ಲಿ ಮೊಳೆತು 2011ರಲ್ಲಿ ಹೊರಬಂದದ್ದು ‘ಕಾಲ್ಡಿ’, ಡೇನಿಯಲ್ ಪೋವಿ ಮತ್ತು ಗೆಳೆಯರದ್ದು. ಕಾಲ್ಡಿ ಎಂಬುದು ಕಾಫಿ ಗಿಡ ಕಂಡುಹಿಡಿದನೆಂದು ಹೇಳುವ ಇಥಿಯೋಪಿಯಾದ ಮೇಕೆ ಕಾಯುವವನ ಹೆಸರು. ಏಳು ಬೀಜ ತಂದ ಬಾಬಾ ಬುಡನ್ ಕಥೆ ಕೇಳಿ ಬೆಳೆದ ಚಿಕ್ಕಮಗಳೂರಿನವರಿಗೆ ಈ ಹೆಸರು ಮನಸ್ಸಿಗೆ ಹತ್ತಿರ ಬಂದೀತು.

ಸಲಕರಣೆ ಎಂದರೆ ಖಾಲಿ ಪಾತ್ರೆ. ಅಡುಗೆಗೆ ದನಿ ಬೇಕು. ಇಂಗ್ಲಿಷ್ ದನಿಗಳಿಂದ ಕಲಿತ ಸ್ಫಿಂಕ್ಸ್‌ಗೆ ಕನ್ನಡ ಪದಗಳನ್ನು ಇಂಗ್ಲಿಷ್ ಧ್ವನಿಗಳಲ್ಲಿ ಒಡೆದು ಕೊಟ್ಟು ಕೆಲಸ ಸಾಗಿಸುವ ಉಪಾಯ ಒಂದಿದೆ. ಆದರೆ ಇಂಗ್ಲಿಷಿನಲ್ಲಿ ‘ಳ’ ಇಲ್ಲ. ಹಳ್ಳಿ ಹಲ್ಲಿಯಾಗುತ್ತದೆ, ಹಾಳು ಹಾಲಾಗುತ್ತದೆ, ಬೆಳೆ ಬೆಲೆಯಾಗುತ್ತದೆ. ನಮ್ಮ ‘ಉಳಿಸು’ ಎಂಬ ಪದದ ನಡುಮನೆಯಲ್ಲೇ ‘ಳ’ ಕೂತಿದೆಯಲ್ಲ! ಎರವಲು ಕಿವಿಗೆ ಕೇಳಿಸದೆ ಹೋಗುವುದು ಅದೇ.

ಕನ್ನಡಕ್ಕೆ ತನ್ನದೇ ಕಿವಿ ಮಾಡಿಕೊಟ್ಟ ಪ್ರಯತ್ನಗಳಲ್ಲಿ ನನಗೆ ಬಹಳ ಹಿಡಿಸಿದ್ದು ತುಮಕೂರಿನದು. ಕೇಂದ್ರ ಸರ್ಕಾರದ ಮಾಹಿತಿ ತಂತ್ರಜ್ಞಾನ ಇಲಾಖೆಯ ನೆರವಿನಿಂದ, ರೈತರು ಫೋನಿನಲ್ಲಿ ಬಾಯಿಮಾತಲ್ಲೇ ಕೇಳಿ ಮಾರುಕಟ್ಟೆ ಧಾರಣೆ ತಿಳಿಯುವ ಯೋಜನೆ ಮೊದಲು ಆರು ಭಾಷೆಗಳಲ್ಲಿ ನಡೆಯಿತು. ಹಿಂದಿ, ಮರಾಠಿ, ಬಂಗಾಳಿ, ಅಸ್ಸಾಮಿ, ತಮಿಳು, ತೆಲುಗು. ಕನ್ನಡ ಆ ಆರರಲ್ಲಿ ಇರಲಿಲ್ಲ, ಮುಂದಿನ ಸುತ್ತಿನಲ್ಲಿ ಬಂತು. ತುಮಕೂರಿನ ಸಿದ್ಧಗಂಗಾ ತಾಂತ್ರಿಕ ಸಂಸ್ಥೆಯ ಎಚ್.ಎಸ್. ಜಯಣ್ಣ, ತಿಮ್ಮರಾಜ ಯಾದವ ಮತ್ತು ಸಂಗಡಿಗರು ಕನ್ನಡದ ಕೆಲಸ ಕೈಗೆತ್ತಿಕೊಂಡು 2017ರಲ್ಲಿ ಅದರ ವಿವರ ಪ್ರಕಟಿಸಿದರು. ಆರಿಸಿದ ಸಲಕರಣೆ ಕಾಲ್ಡಿ. ಆದರೆ ಅವರ ಶ್ರಮವೆಲ್ಲ ಸಲಕರಣೆಯಲ್ಲಿ ಇರಲಿಲ್ಲ, ದನಿ ಕೂಡಿಸುವುದರಲ್ಲಿತ್ತು. ಕರ್ನಾಟಕದ ಬೇರೆ ಬೇರೆ ಕಡೆಯ ರೈತರು ತಮ್ಮ ಫೋನಿನಲ್ಲೇ ಜಿಲ್ಲೆ, ಮಾರುಕಟ್ಟೆ, ಬೆಳೆಗಳ ಹೆಸರು ಹೇಳಬೇಕು. ಹಿಂದೆ ಬಸ್ಸಿನ ಸದ್ದು, ಗಾಳಿ, ಮಕ್ಕಳ ಗಲಾಟೆ ಇದ್ದರೆ ಇರಲಿ, ನಾಳೆ ಧಾರಣೆ ಕೇಳುವಾಗಲೂ ಅವೆಲ್ಲ ಇರುತ್ತವಲ್ಲ. ಒಂದೇ ಬೆಳೆಯ ಹೆಸರನ್ನು ಊರೂರಲ್ಲಿ ಬೇರೆ ಬೇರೆ ಥರ ಹೇಳುತ್ತಾರೆ. ಅಷ್ಟೂ ಉಚ್ಚಾರಗಳನ್ನು ಯಂತ್ರದ ನಿಘಂಟಿಗೆ ಸೇರಿಸಬೇಕು. ನಮ್ಮಂಥ ಉದ್ಘೋಷಕರನ್ನು ಕೂರಿಸಿ ಸ್ವಚ್ಛವಾದ ಕನ್ನಡದಲ್ಲಿ ಓದಿಸಿದ್ದರೆ ಒಂದು ವಾರದಲ್ಲಿ ಮುಗಿಯುತ್ತಿತ್ತು. ಆಗ ಆ ಯಂತ್ರಕ್ಕೆ ಅರ್ಥವಾಗುತ್ತಿದ್ದದ್ದು ಉದ್ಘೋಷಕರ ಮಾತು ಮಾತ್ರ, ಮತ್ತು ಉದ್ಘೋಷಕರು ಟೊಮೆಟೊ ಮಾರುವುದಿಲ್ಲ!

ಪಕ್ಕದ ಉದಾಹರಣೆಯನ್ನೂ ಹೇಳಿಬಿಡುತ್ತೇನೆ, ಗುಜರಾತಿನ ಅನ್ನ ತಿನ್ನುವವರು ನಾವು. 2018ರಲ್ಲಿ ಮೈಕ್ರೋಸಾಫ್ಟ್ ಕಂಪನಿ ಭಾರತೀಯ ಭಾಷೆಗಳಿಗೆ ಮಾತು ಗುರುತಿಸುವ ಸ್ಪರ್ಧೆ ಇಟ್ಟು ಸಂಶೋಧಕರಿಗೆ ದನಿ ಸಂಗ್ರಹ ಕೊಟ್ಟಿತು. ಮೂರು ಭಾಷೆಗಳು – ಗುಜರಾತಿ, ತಮಿಳು, ತೆಲುಗು. ಆ ಪಟ್ಟಿಯಲ್ಲೂ ಕನ್ನಡ ಇರಲಿಲ್ಲ. ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ, ಸ್ವಲ್ಪ ಹೊಟ್ಟೆಕಿಚ್ಚು ಇದ್ದರೂ ತಪ್ಪೇನಿಲ್ಲ.

ಹಾಗಾದರೆ ಹಜೀರಾದ ಗೆಳೆಯರು ಏನು ಮಾಡಲಿ? ಅವರಿಗೆ ನಾನು ತೋರಿಸಿದ್ದು ‘ಸೈಮನ್’ ಎಂಬ ಹಳೆಯ ತಂತ್ರಾಂಶದ ದಾರಿ. ಆಸ್ಟ್ರಿಯಾದ ಪೀಟರ್ ಗ್ರಾಷ್ ಮತ್ತು ಗೆಳೆಯರು ಅಂಗವಿಕಲರಿಗೆಂದೇ 2000ದ ದಶಕದ ಕೊನೆಯಲ್ಲಿ ಶುರುಮಾಡಿದ್ದು. ಒಳಗೆ ಜೂಲಿಯಸ್ ಮತ್ತು ಎಚ್‌ಟಿಕೆ. ಅದರ ವಿಶೇಷವೆಂದರೆ ಅದಕ್ಕೆ ಯಾವ ಭಾಷೆಯ ಹಂಗೂ ಇರಲಿಲ್ಲ. ಬಳಸುವವರೇ ತಮಗೆ ಬೇಕಾದ ಪದಗಳನ್ನು ಸೇರಿಸಿ, ತಮ್ಮ ದನಿಯಲ್ಲೇ ಹಲವು ಸಲ ಹೇಳಿ ಕಲಿಸಬಹುದಿತ್ತು. ಸ್ಪಷ್ಟವಾಗಿ ಮಾತಾಡಲಾಗದವರು ಕೂಡ ತಮ್ಮ ಸದ್ದನ್ನೇ ಪದವಾಗಿ ಕಲಿಸಬಹುದು. ಆ ತಂತ್ರಾಂಶದ ಕೆಲಸ 2013ರ ನಂತರ ಸೊರಗಿತು, ಈಗ ಅದನ್ನೇ ಹಿಡಿದು ಕೂರಬೇಕಾಗಿಲ್ಲ. ದಾರಿ ಮಾತ್ರ ಹಳತಾಗಿಲ್ಲ. ಒಬ್ಬರದೇ ದನಿ, ಇಪ್ಪತ್ತು ಮೂವತ್ತು ಪದ ಅಂದರೆ ಜೂಲಿಯಸ್ ಅಥವಾ ಸ್ಫಿಂಕ್ಸ್‌ನ ಸಣ್ಣ ರೂಪವಾದ ಪಾಕೆಟ್‌ಸ್ಫಿಂಕ್ಸ್ ಇವತ್ತಿಗೂ ಸಾಕು, ಅಪ್ಪನ ದನಿಯಿಂದಲೇ ಕಲಿಸಿದರೆ. ಕಾಲ್ಡಿ ಪ್ರಯೋಗಾಲಯಕ್ಕೆ ಸರಿ. ಮನೆಯ ಒಗ್ಗರಣೆಗೆ ಎಣ್ಣೆ ಬೇಕೆಂದು ಗಾಣ ಹೂಡುವವರುಂಟೇ?

ಪದಗಳ ಆಯ್ಕೆಯಲ್ಲಿ ಮಾತ್ರ ಕನ್ನಡ ಓದಿದವರ ಮಾತಿಗೆ ಬೆಲೆ ಇದೆ ಅಂದುಕೊಂಡಿದ್ದೇನೆ. ‘ಮುಚ್ಚು’ ಮತ್ತು ‘ಬಿಚ್ಚು’ ಒಟ್ಟಿಗೆ ಇಡಬೇಡಿ. ‘ಹಾಕು’ ಮತ್ತು ‘ಸಾಕು’ ಬೇಡ. ‘ತೆಗೆ’ ಅಂತೂ ಬೇಡವೇ ಬೇಡ. ಬಾಗಿಲು ತೆಗೆ ಅಂದರೆ ತೆರೆ ಎಂದರ್ಥ, ಕಸ ತೆಗೆ ಅಂದರೆ ಎತ್ತಿ ಆಚೆ ಹಾಕು ಎಂದರ್ಥ. ‘ಕಡತ ತೆಗೆ’ ಅಂದರೆ ಯಂತ್ರ ಏನು ಮಾಡಬೇಕು? ಅಳಿಸುವುದಕ್ಕೆ ‘ಕಸಕ್ಕೆ ಹಾಕು’ ಎಂದಿಡಿ ಅಂತ ನಾನು ಹೇಳಿ ಕಳಿಸಿದ್ದೆ. ತಂದೆಯವರು ಒಪ್ಪಲಿಲ್ಲವಂತೆ. ಅವರು ಧಾರವಾಡ ಸೀಮೆಯವರು. “ನಮ್ಮ ಕಡಿ ಯಾರ್ ಹಂಗಂತಾರ? ‘ಒಗಿ’ ಅಂತ ಬರಿ” ಅಂದರಂತೆ. ಉಳಿಸುವುದಕ್ಕೆ? “ಇಟ್ಕೊ.” ನೋಡಿ, ‘ಒಗಿ’, ‘ಇಟ್ಕೊ’ – ಒಂದರಂತೆ ಇನ್ನೊಂದು ಕೇಳಿಸುವುದಿಲ್ಲ. ತಂತ್ರಾಂಶದ ಪರಿಭಾಷೆ ರೂಪಿಸಿದವರು ಕಣ್ಣಿಗೆ ಬೇಕಾದ ಪದ ಹುಡುಕಿದ್ದರು, ಈ ಹಿರಿಯರು ಕಿವಿಗೆ ಬೇಕಾದ್ದನ್ನು ಎರಡು ನಿಮಿಷದಲ್ಲಿ ಕೊಟ್ಟರು.

ಆಳಿನ ಕೆಲಸ ಇಷ್ಟು. ಗುಮಾಸ್ತನ ಕೆಲಸಕ್ಕೆ, ಎಂದರೆ ಊರಿಗೆ ಪತ್ರ ಬರೆಸಲು, ಚರಿತ್ರೆ ಈಚಿನ ಏಳೆಂಟು ವರ್ಷಗಳಲ್ಲಿ ಬೇಗ ಬೇಗ ಓಡಿದೆ. 2017ರ ಆಗಸ್ಟಿನಲ್ಲಿ ಗೂಗಲ್ ತನ್ನ ಧ್ವನಿ ಟೈಪಿಂಗ್‌ಗೆ ಕನ್ನಡ, ಗುಜರಾತಿ ಸೇರಿದಂತೆ ಭಾರತದ ಎಂಟು ಭಾಷೆಗಳನ್ನು ಸೇರಿಸಿತು. ಚೆನ್ನಾಗಿಯೇ ಬರೆದುಕೊಳ್ಳುತ್ತದೆ, ಅಂತರ್ಜಾಲ ಇದ್ದರೆ. ಆದರೆ ಗೂಗಲ್ ಡಾಕ್ಸ್‌ನಲ್ಲಿ ಬಾಯಿಮಾತಿನ ಆಜ್ಞೆಗಳು ಇಂಗ್ಲಿಷಿಗೆ ಮಾತ್ರ. ಕನ್ನಡದಲ್ಲಿ ಬರೆಸಬಹುದು, ಬರೆಸಿದ್ದನ್ನು ಅಳಿಸು ಎಂದು ಕನ್ನಡದಲ್ಲಿ ಹೇಳುವಂತಿಲ್ಲ! 2022ರಲ್ಲಿ ಓಪನ್‌ಎಐ ಸಂಸ್ಥೆಯ ‘ವಿಸ್ಪರ್’ ಬಂತು. 6,80,000 ಗಂಟೆಗಳ ದನಿಯಿಂದ ಕಲಿತದ್ದು ಎಂದು ದೊಡ್ಡ ಸುದ್ದಿ. ಅದರಲ್ಲಿ ಕನ್ನಡದ ಪಾಲು ಬೆರಳೆಣಿಕೆಯ ಗಂಟೆಗಳು. ಅದನ್ನು ಹಾಗೆಯೇ ತಂದು ಕನ್ನಡಕ್ಕೆ ಹಚ್ಚಿದರೆ ನಿರಾಶೆಯೇ.

ಕನ್ನಡಕ್ಕೆ ಇನ್ನೊಂದು ತೊಡಕು ಅದರ ಪದ ಕಟ್ಟುವ ಬಗೆ. ‘ಬರಬೇಕಾಗಿತ್ತಲ್ಲವೇ’ ಎಂಬುದು ನಮಗೆ ಒಂದು ಪದ; ಇಂಗ್ಲಿಷಿನವರು ಅದಕ್ಕೆ ಒಂದು ವಾಕ್ಯ ಬರೆದಾರು. ಇಂಥ ಪದಗಳನ್ನೆಲ್ಲ ಪಟ್ಟಿ ಮಾಡುತ್ತಾ ಹೋದರೆ ಪಟ್ಟಿಗೆ ಕೊನೆಯಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎ.ಜಿ. ರಾಮಕೃಷ್ಣನ್ ಅವರ ತಂಡ ಪದವನ್ನು ತುಂಡುಗಳಾಗಿ ಒಡೆದು ಕಲಿಸುವ ದಾರಿ ಹಿಡಿಯಿತು. 2022ರಲ್ಲಿ ಸುಮಾರು 350 ಗಂಟೆಗಳ ಕನ್ನಡ ದನಿಸಂಗ್ರಹವನ್ನು, ಬರಹರೂಪದ ಸಮೇತ, ಯಾರು ಬೇಕಾದರೂ ಬಳಸುವಂತೆ ಹೊರಗಿಟ್ಟಿತು. ಮದ್ರಾಸ್ ಐಐಟಿಯ ಎಐ4ಭಾರತ್ ಬಳಗ 22 ಭಾಷೆಗಳಿಗೆ ಕಲಿಸಿದ ಮಾದರಿಗಳನ್ನು ಹೀಗೆಯೇ ತೆರೆದಿಟ್ಟಿದೆ. ಪತ್ರ ಬರೆಸುವ ಕೆಲಸಕ್ಕೆ ಹಜೀರಾದವರು ಮೊದಲು ಪರೀಕ್ಷಿಸಬೇಕಾದದ್ದು ಇವನ್ನು ಅಂತ ನನ್ನ ಸಲಹೆ. ಮನೆಯ ಗಣಕಯಂತ್ರದಲ್ಲೇ ಇಟ್ಟುಕೊಳ್ಳಬಹುದು, ಅಪ್ಪನ ಮಾತು ಮನೆ ಬಿಟ್ಟು ಹೋಗುವುದಿಲ್ಲ.

ಅಂದ ಹಾಗೆ, ಕೇಂದ್ರ ಸರ್ಕಾರದ ‘ಭಾಷಿಣಿ’ ಯೋಜನೆಗೆ ಚಾಲನೆ ಸಿಕ್ಕಿದ್ದು ನಮ್ಮ ಗಾಂಧಿನಗರದಲ್ಲೇ, 2022ರ ಜುಲೈ 4ರಂದು. ಅದರ ‘ಭಾಷಾ ದಾನ’ ವಿಭಾಗದಲ್ಲಿ ‘ಬೋಲೋ ಇಂಡಿಯಾ’ ಅಂತ ಒಂದು ಭಾಗ ಮಾಡಿದ್ದರು. ಪರದೆಯ ಮೇಲೆ ಬರುವ ಕನ್ನಡ ವಾಕ್ಯವನ್ನು ನಮ್ಮ ದನಿಯಲ್ಲಿ ಓದಿ ಕೊಡುವುದು. ಸೂರತ್, ವಡೋದರಾ, ಅಹಮದಾಬಾದಿನಲ್ಲಿ ಇಪ್ಪತ್ತು ಮೂವತ್ತು ವರ್ಷ ಕಳೆದವರ ಕನ್ನಡಕ್ಕೆ ಒಂದು ಬೇರೆ ರಾಗ ಬಂದಿರುತ್ತದೆ, ಫೋನ್ ಕಾರ್ಯಕ್ರಮದಲ್ಲಿ ಮೊದಲ ವಾಕ್ಯಕ್ಕೇ ನನಗೆ ಗೊತ್ತಾಗುತ್ತದೆ. ಮೈಸೂರಿನ ದನಿಗಳಿಂದ ಕಲಿತ ಯಂತ್ರಕ್ಕೆ ಅದು ಗೊತ್ತಾಗದು, ನೀವು ಹೇಳಿಕೊಡುವ ತನಕ.

ದನಿ ಮುದ್ರಿಸುವವರಿಗೆ ಮೈಕ್ ಮುಂದಿನ ಅನುಭವದ ಎರಡು ಮಾತು. ಮೈಕ್ ಬಾಯಿಯಿಂದ ಒಂದು ಗೇಣು ದೂರ, ನೇರ ಎದುರಿಗಲ್ಲ, ಕೊಂಚ ಪಕ್ಕಕ್ಕೆ ಇರಲಿ. ದನಿಯ ಮಟ್ಟ ತುಸು ಕಡಿಮೆಯಾದರೂ ಚಿಂತೆಯಿಲ್ಲ, ಒಡೆಯಬಾರದು. ತಂದೆಯವರ ಪದಗಳನ್ನು ಒಂದೇ ದಿನ ಕೂರಿಸಿ ಹೇಳಿಸಬೇಡಿ. ಬೆಳಗಿನ ದನಿ ಬೇರೆ, ಊಟವಾದ ಮೇಲಿನ ದನಿ ಬೇರೆ, ನೆಗಡಿಯಾದಾಗಿನದು ಇನ್ನೂ ಬೇರೆ, ಎಲ್ಲವೂ ಬೇಕು. ಫ್ಯಾನ್ ದಿನವೂ ತಿರುಗುವ ಕೋಣೆಯಾದರೆ ಮುದ್ರಿಸುವಾಗಲೂ ತಿರುಗಲಿ. ಗುಂಡಿ ಒತ್ತಿದ ಮೇಲೆ ಅರೆಕ್ಷಣ ತಡೆದು ಮಾತಾಡಲು ಹೇಳಿ. ಮತ್ತು ಯಾರು ಎಷ್ಟೇ ಸ್ಪಷ್ಟವಾಗಿ ‘ಒಗಿ’ ಅಂದರೂ ಒಗೆಯುವ ಮುನ್ನ ಪ್ರೋಗ್ರಾಂ ಒಮ್ಮೆ “ಖರೆನ?” ಅಂತ ಕೇಳಲಿ.